ಮೂರು ಮಡಿಕೆಯ ಕರಪತ್ರ: ಹೆಜ್ಜಾರ್ಲೆ ಕೊಕ್ಕು ಪಕ್ಕದ ಪುಟಕ್ಕೆ ಹೋಗ್ತಿದೆ, ಸಹಾಯ ಮಾಡಿ

ಹುಣಸೆಕೊಂಬೆ:
ಎಲ್ಲರಿಗೂ ನಮಸ್ಕಾರ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಫೋಟೊ ಹಾಕಿ ಒಂದು ಕರಪತ್ರ ಮಾಡುತ್ತಿದ್ದೇನೆ. ಎ4 ಹಾಳೆ, ಎರಡೂ ಬದಿ, ಮೂರು ಭಾಗ. ಸ್ಕ್ರೀನ್ ಮೇಲೆ ಎಲ್ಲಾ ಚೆನ್ನಾಗಿದೆ. ಪ್ರಿಂಟ್ ತೆಗೆದು ಮಡಚಿದರೆ ಒಳಕ್ಕೆ ಹೋಗುವ ಪುಟದಲ್ಲಿರುವ ಹೆಜ್ಜಾರ್ಲೆಯ ಕೊಕ್ಕಿನ ತುದಿ ಹಿಂಬದಿ ಪುಟದ ಫೋನ್ ನಂಬರ್ ಪಕ್ಕ ಬಂದು ಕೂರುತ್ತದೆ. ಹಿಂಬದಿ ಪುಟದ ಹಸಿರು ಬಣ್ಣ ಮುಖಪುಟಕ್ಕೆ ಇಣುಕುತ್ತದೆ. ಸಾಲದ್ದಕ್ಕೆ ಮಡಚಿದ ಮೇಲೆ ಹಾಳೆ ಉಬ್ಬಿಕೊಳ್ಳುತ್ತದೆ. ಒಳಬದಿ ಮಾತ್ರ ಸರಿಯಾಗಿದೆ. ಮಡಿಕೆ ಎಲ್ಲಿ ಬರಬೇಕು ಅಂತ ತೋರಿಸುವ ಗೆರೆ, ಅಂದರೆ ಗೈಡ್, ಹಾಕಿಯೇ ಮಾಡಿದ್ದು. ಭಾನುವಾರ ಹಂಚಬೇಕು, ತಲೆ ಕೆಟ್ಟು ಹೋಗಿದೆ. ಏನು ಸಮಸ್ಯೆ ಹೇಳಿ.

ಪಿಕ್ಸೆಲ್ ಪಾಪಣ್ಣ:
ಡಿಪಿಐ. ನೂರಕ್ಕೆ ನೂರು ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕಿ ಅನ್ನೋದು. 72ರಲ್ಲಿ ಮಾಡಿರುತ್ತೀರಿ. 300ಕ್ಕೆ ಹಾಕಿ ಹೊಸದಾಗಿ ಶುರು ಮಾಡಿ.

ಹುಣಸೆಕೊಂಬೆ:
300ರಲ್ಲೇ ಇದೆ ಸರ್. 3508 ಪಿಕ್ಸೆಲ್ ಅಗಲ, 2480 ಎತ್ತರ.

ಪಿಕ್ಸೆಲ್ ಪಾಪಣ್ಣ:
ಕ್ಯಾನ್ವಾಸ್ 300 ಇದ್ದರೆ ಸಾಲದು. ಒಳಗೆ ಇಟ್ಟ ಫೋಟೊ ಎಷ್ಟು? ಅದು 72 ಇದ್ದರೆ ಎಲ್ಲಾ ಅಲ್ಲಾಡುತ್ತದೆ. ನಾನು ಮದುವೆ ಆಲ್ಬಮ್ ಮಾಡುವವನು, ಇದನ್ನು ದಿನಾ ನೋಡುತ್ತೇನೆ.

ಮಸಿಬಟ್ಟೆ:
ಪಾಪಣ್ಣ, ಪಿಕ್ಸೆಲ್ ಕಡಿಮೆ ಆದರೆ ಚಿತ್ರ ಮಬ್ಬಾಗುತ್ತದೆ, ಪಕ್ಕಕ್ಕೆ ಸರಿಯಲ್ಲ. ಹುಣಸೆಕೊಂಬೆ ಅವರೇ, ಯಾವ ಸಾಫ್ಟ್‌ವೇರ್? ಗೈಡ್ ಎಲ್ಲೆಲ್ಲಿ ಹಾಕಿದ್ದೀರಿ, ಮಿಲಿಮೀಟರ್‌ನಲ್ಲಿ ಹೇಳಿ. ಎಲ್ಲಿ ಪ್ರಿಂಟ್ ಆಯ್ತು, ಯಾವ ಪೇಪರ್? ಇಷ್ಟು ಹೇಳದೆ ಯಾರು ಏನು ಹೇಳಿದರೂ ಅದು ಶಕುನ ಹೇಳಿದ ಹಾಗೆ.

ಲೇಯರ್ ಲಕ್ಷ್ಮಿ:
ನನಗೇನೋ ಇದು ಡುಪ್ಲೆಕ್ಸ್ (ಎರಡೂ ಬದಿ ಪ್ರಿಂಟ್) ಸೆಟಿಂಗ್ ಅನ್ಸುತ್ತೆ. ಅಡ್ಡ ಹಾಳೆಗೆ ‘ಫ್ಲಿಪ್ ಆನ್ ಶಾರ್ಟ್ ಎಡ್ಜ್’ ಇರಬೇಕು. ಲಾಂಗ್ ಎಡ್ಜ್ ಇದ್ದರೆ ಹಿಂಬದಿ ತಲೆಕೆಳಗಾಗುತ್ತದೆ.

ಹುಣಸೆಕೊಂಬೆ:
ತಲೆಕೆಳಗೇನೂ ಬಂದಿಲ್ಲ ಮೇಡಂ. ಸಾಫ್ಟ್‌ವೇರ್ ಜಿಂಪ್, ಉಚಿತವಾಗಿ ಸಿಗುತ್ತದಲ್ಲ ಅದು.

ಶಟರ್‌ಗಾರ:
ಜಿಂಪ್ ಅಂದ ಮೇಲೆ ಇನ್ನೇನು 😄 ಫೋಟೊಶಾಪ್ ತಗೊಳ್ಳಿ ಗುರು. ನಾನು 32 ಇಂಚಿನ ಮಾನಿಟರ್, ಕ್ಯಾಲಿಬ್ರೇಟರ್ ಎಲ್ಲಾ ಇಟ್ಟುಕೊಂಡಿದ್ದೇನೆ. ಸ್ಕ್ರೀನ್‌ನಲ್ಲಿ ಕಂಡ ಹಸಿರೇ ಕಾಗದದ ಮೇಲೂ ಬರುತ್ತದೆ.

ಲೇಯರ್ ಲಕ್ಷ್ಮಿ:
ಮಾನಿಟರ್ ದೊಡ್ಡದಾದರೆ ಮಡಿಕೆ ನೆಟ್ಟಗಾಗುತ್ತದಾ? ಕನ್ನಡ ಟೈಪ್ ಮಾಡೋಕೆ ಜಿಂಪ್‌ನಲ್ಲಿ ಏನೂ ಸೆಟಿಂಗ್ ಬೇಡ, ಒತ್ತಕ್ಷರ ತಾನಾಗಿಯೇ ಕೂರುತ್ತದೆ. ಫೋಟೊಶಾಪ್‌ನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆನ್ ಮಾಡದಿದ್ದರೆ ‘ಬೆಳ್ಳೂರು’ ಅನ್ನೋದರ ಒತ್ತು ಬಿಟ್ಟುಕೊಂಡು ನಿಲ್ಲುತ್ತದೆ.

ಶಟರ್‌ಗಾರ:
ನಾನು ನುಡಿ ಫಾಂಟ್‌ನಲ್ಲಿ ಹೊಡೆಯುತ್ತೇನೆ, ಆ ತಾಪತ್ರಯವೇ ಇಲ್ಲ.

ಲೇಯರ್ ಲಕ್ಷ್ಮಿ:
ಯೂನಿಕೋಡ್ ಅಲ್ಲದ ಹಳೇ ನುಡಿಯಾ? ಅದನ್ನು ಹಾಗೇ ಎತ್ತಿ ವೆಬ್‌ಸೈಟ್‌ಗೆ ಹಾಕಿ ನೋಡಿ, ಅಕ್ಷರ ಎಲ್ಲಾ ಕಲಸಿಹೋಗುತ್ತದೆ. ಯಾವ ಕಾಲದಲ್ಲಿದ್ದೀರಿ?

ಮಸಿಬಟ್ಟೆ:
ಫಾಂಟ್ ಜಗಳಕ್ಕೆ ಬೇರೆ ಜಾಗ ಇದೆ. ಗೈಡ್ ಎಲ್ಲಿದೆ ಅಂತ ಕೇಳಿದ್ದೆ.

ಹುಣಸೆಕೊಂಬೆ:
100 ಮತ್ತು 200 ಮಿಮೀಗೆ. ಕೊನೆಯ ಭಾಗ 97. ಒಳಗೆ ಹೋಗುವ ಪುಟ 3 ಮಿಮೀ ಚಿಕ್ಕದಿರಬೇಕು ಅಂತ ಓದಿದ್ದೆ. ಒಳಬದಿ ಮುಗಿಸಿ, ಅದೇ ಫೈಲ್ ಕಾಪಿ ಮಾಡಿ ಹೊರಬದಿ ಮಾಡಿದೆ. ಪ್ರಿಂಟ್ ನಮ್ಮೂರಿನ ಜೆರಾಕ್ಸ್ ಅಂಗಡಿಯಲ್ಲಿ. ಮೊಬೈಲಿನಿಂದ ಫೋಟೊ ಆಗಿ ಮೆಸೇಜ್ ಮಾಡಿದೆ, ಅವರು ತೆರೆದು ಪ್ರಿಂಟ್ ಕೊಟ್ಟರು. ಸುತ್ತಲೂ ಸ್ವಲ್ಪ ಬಿಳಿ ಅಂಚು ಬರುತ್ತದೆ, ಅದು ಎಲ್ಲರಿಗೂ ಬರುತ್ತದೆ ಅಲ್ವಾ?

ಪಿಕ್ಸೆಲ್ ಪಾಪಣ್ಣ:
ನೋಡಿ! ಮೆಸೇಜ್‌ನಲ್ಲಿ ಕಳಿಸಿದರೆ ಫೋಟೊ ಕುಗ್ಗುತ್ತದೆ. ಡಿಪಿಐ ಅಂತ ಮೊದಲೇ ಹೇಳಿದೆನಲ್ಲ.

ಮಸಿಬಟ್ಟೆ:
ಕುಗ್ಗುವುದು ನಿಜ, ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು. ಆದರೆ ಕೊಕ್ಕು ಸರಿಯಲು ಕಾರಣ ಅದಲ್ಲ. ಇಲ್ಲಿ ಎರಡು ಸಮಸ್ಯೆ ಬೆರೆತಿವೆ.

ಮೊದಲನೆಯದು ಗೈಡ್. ಹಾಳೆಯ ಒಳಬದಿ ನೋಡಿದರೆ ಚಿಕ್ಕ ಪುಟ ಬಲಕ್ಕಿದೆ. ಹಾಳೆ ತಿರುಗಿಸಿದರೆ ಅದೇ ಪುಟ ಎಡಕ್ಕೆ ಬರುತ್ತದೆ. ಹಾಗಾಗಿ ಒಳಬದಿಗೆ 100, 100, 97. ಹೊರಬದಿಗೆ 97, 100, 100. ಗೈಡ್ 97 ಮತ್ತು 197 ಮಿಮೀಗೆ ಬರಬೇಕು, 300 ಡಿಪಿಐನಲ್ಲಿ 1146 ಮತ್ತು 2327 ಪಿಕ್ಸೆಲ್. ನಿಮ್ಮ ಹೊರಬದಿಯಲ್ಲಿ ಗೈಡ್ 100ಕ್ಕಿದೆ, ಕಾಗದ ಮಡಚುವುದು 97ಕ್ಕೆ. ಆ 3 ಮಿಮೀನಲ್ಲೇ ಕೊಕ್ಕು ಆಚೆ ಹೋಗಿದೆ, ಹಸಿರೂ ಅಷ್ಟೇ ಇಣುಕಿರುತ್ತದೆ. ಸ್ಕೇಲ್ ಇಟ್ಟು ನೋಡಿ.

ಎರಡನೆಯದು ಬಿಳಿ ಅಂಚು. ಅಂಗಡಿಯವರು ‘ಫಿಟ್ ಟು ಪೇಜ್’ ಕೊಟ್ಟಿದ್ದಾರೆ. ನೂರಕ್ಕೆ 97ರಷ್ಟು ಕುಗ್ಗಿದೆ ಅಂದುಕೊಳ್ಳಿ. ಎರಡೂ ಕಡೆ ನಾಲ್ಕೂವರೆ ಮಿಮೀ ಬಿಳಿ ಉಳಿಯುತ್ತದೆ. ನಡುವಿನ ಪುಟ 97ಕ್ಕೆ ಇಳಿಯುತ್ತದೆ. ಒಳಗೆ ಹೋಗುವ ಪುಟಕ್ಕೆ ಬಿಳಿ ಅಂಚು ಸೇರಿ 98.5 ಆಗುತ್ತದೆ. ಚಿಕ್ಕದಿರಬೇಕಾದ್ದೇ ದೊಡ್ಡದಾದರೆ ಉಬ್ಬದೆ ಏನು ಮಾಡುತ್ತದೆ? ‘ಆಕ್ಚುಯಲ್ ಸೈಜ್’ ಹಾಕಿ ಅಂತ ಹೇಳಿ, ಪಕ್ಕದಲ್ಲೇ ನಿಂತು ನೋಡಿ.

ಲೇಯರ್ ಲಕ್ಷ್ಮಿ:
ಆದರೂ ಅಂಗಡಿಯ ಮೆಷಿನ್ ಅಂಚಿನವರೆಗೆ ಹೊಡೆಯಲ್ಲ. ಆಕ್ಚುಯಲ್ ಸೈಜ್ ಹಾಕಿದರೂ ಅಂಚಲ್ಲಿ ಕತ್ತರಿಸಿ ಹೋಗುತ್ತದೆ. ಎ3 ಹಾಳೆಯಲ್ಲಿ ಹೊಡೆಸಿ ಕಟ್ ಮಾಡಿಸಬೇಕು, ಸುತ್ತಲೂ 3 ಮಿಮೀ ಬ್ಲೀಡ್ (ಕತ್ತರಿಸಿ ತೆಗೆಯೋಕೆ ಬಿಡುವ ಹೆಚ್ಚುವರಿ ಚಿತ್ರ) ಇಟ್ಟು.

ಮಸಿಬಟ್ಟೆ:
ಹೌದು, ಅಂಚಿನವರೆಗೆ ಫೋಟೊ ಬೇಕಿದ್ದರೆ ಅದೇ ದಾರಿ. ಕ್ಯಾನ್ವಾಸ್ 303 × 216 ಮಿಮೀ, ಅಂದರೆ 3579 × 2551 ಪಿಕ್ಸೆಲ್. ಗೈಡ್ ಎಲ್ಲಾ 35 ಪಿಕ್ಸೆಲ್ ಬಲಕ್ಕೆ ತಳ್ಳಿ. ಭಾನುವಾರವೇ ಬೇಕಿದ್ದರೆ ಆ ಗೋಜು ಬೇಡ, ಡಿಸೈನ್‌ನಲ್ಲೇ ಸುತ್ತ 6 ಮಿಮೀ ಬಿಳಿ ಬಿಟ್ಟುಬಿಡಿ.

ಶಟರ್‌ಗಾರ:
ನಾನು ಬಾರ್ಡರ್‌ಲೆಸ್ ಇಂಕ್‌ಜೆಟ್‌ನಲ್ಲಿ ಮನೆಯಲ್ಲೇ ಹೊಡೆಯುತ್ತೇನೆ, ಆರು ಬಣ್ಣದ್ದು. ಅಂಗಡಿ ಮುಖ ನೋಡಿ ವರ್ಷವಾಯಿತು.

ಲೇಯರ್ ಲಕ್ಷ್ಮಿ:
ಇನ್ನೂರು ಪ್ರತಿ ಹೊಡೆದು ತೋರಿಸಿ ಅಣ್ಣಾ, ಇಂಕ್ ಬಿಲ್ಲೂ ಇಲ್ಲೇ ಹಾಕಿ.

ಹುಣಸೆಕೊಂಬೆ:
ಮಸಿಬಟ್ಟೆ ಅವರೇ, ಹೊರಬದಿ ಗೈಡ್ ಬದಲಿಸಿ, ಸುತ್ತ ಬಿಳಿ ಬಿಟ್ಟು, ಪಿಡಿಎಫ್ ಒಯ್ದು ಆಕ್ಚುಯಲ್ ಸೈಜ್‌ನಲ್ಲಿ ತೆಗೆಸಿದೆ. ಕೊಕ್ಕು ಅದರ ಪುಟದಲ್ಲೇ ಇದೆ, ಉಬ್ಬೂ ಹೋಯಿತು. ತುಂಬಾ ಥ್ಯಾಂಕ್ಸ್. ಈಗ ಹೊಸ ಕಾಟ. ಮಡಚಿದ ಕಡೆ ಕಪ್ಪು ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತಿದೆ. ಸಂಜೆ ಹೊತ್ತಿನ ಫೋಟೊ, ಮಡಿಕೆ ಮೇಲೇ ಗಾಢ ನೆರಳಿದೆ.

ಪಿಕ್ಸೆಲ್ ಪಾಪಣ್ಣ:
ಫೋಟೊ ಡಿಪಿಐ ಒಮ್ಮೆ ನೋಡಿ ಅಂತ ಈಗಲೂ ಹೇಳುತ್ತೇನೆ.

ಮಸಿಬಟ್ಟೆ:
🙏 ಅದು ಟೋನರ್, ಲೇಸರ್ ಪ್ರಿಂಟರ್‌ನ ಬಣ್ಣದ ಪುಡಿ. ಲೇಸರ್ ಪ್ರಿಂಟ್‌ನಲ್ಲಿ ಬಣ್ಣ ಕಾಗದದೊಳಗೆ ಇಳಿಯಲ್ಲ, ಮೇಲೇ ಪದರವಾಗಿ ಅಂಟಿಕೊಂಡಿರುತ್ತದೆ. ಮಡಚಿದಾಗ ಬಿರಿಯುತ್ತದೆ. ದಪ್ಪ ಆರ್ಟ್ ಪೇಪರ್ ಆದರೆ ಇನ್ನೂ ಜಾಸ್ತಿ. 170 ಜಿಎಸ್‌ಎಂ (ಕಾಗದದ ತೂಕದ ಅಳತೆ) ಹಾಕಿಸಿದ್ದರೆ 130ಕ್ಕೆ ಇಳಿಸಿ. ಮಡಚುವ ಮೊದಲು ಕ್ರೀಸಿಂಗ್, ಅಂದರೆ ಮಡಿಕೆಯ ಗೆರೆ ಒತ್ತುವುದು, ಮಾಡಿಸಿ. ಆ ಮೆಷಿನ್ ಇಲ್ಲದಿದ್ದರೆ ಸ್ಕೇಲ್ ಇಟ್ಟು, ಇಂಕ್ ಮುಗಿದ ಬಾಲ್ ಪೆನ್ನಿನಿಂದ ಗೆರೆ ಒತ್ತಿ, ಆಮೇಲೆ ಮಡಚಿ. ಫೋಟೊವನ್ನೇ ಸ್ವಲ್ಪ ಸರಿಸಿ ಮಡಿಕೆ ಮೇಲೆ ತಿಳಿ ಆಕಾಶ ಬರೋ ಹಾಗೆ ಮಾಡಿದರೆ ಇನ್ನೂ ಒಳ್ಳೇದು, ಬಿರಿದರೂ ಕಾಣಲ್ಲ.

ಹೊಸ ಸದಸ್ಯ ಕೆರೆದಂಡೆ:
ನಂದೂ ಇದೇ ಸಮಸ್ಯೆ, ಆದರೆ ಝಡ್ ಮಡಿಕೆ, Z ಅಕ್ಷರದ ಹಾಗೆ ಹಿಂದೆ ಮುಂದೆ ಮಡಚೋದು. 97 ಯಾವ ಕಡೆ ಹಾಕಬೇಕು?

ಮಸಿಬಟ್ಟೆ:
ಝಡ್‌ಗೆ ಒಳಗೆ ಸಿಕ್ಕಿಕೊಳ್ಳುವ ಪುಟವೇ ಇಲ್ಲ. ಮೂರೂ ಸಮ, 99 ಮಿಮೀ, ಎರಡೂ ಬದಿಗೆ ಒಂದೇ ಗೈಡ್. ಉಳಿದದ್ದು ಕೇಳುವುದಿದ್ದರೆ ಬೇರೆ ಥ್ರೆಡ್ ಹಾಕಿ, ಇಲ್ಲಿ ನುಡಿ ಜಗಳ ಮತ್ತೆ ಶುರುವಾಗುವ ಹಾಗಿದೆ.

ಶಟರ್‌ಗಾರ:
ಶುರು ಮಾಡಿದ್ದು ನಾನಲ್ಲ.