38 ಸೆಕೆಂಡಿನ ಕಾಳಿಂಗ

ನಮ್ಮ ‘ಮನೆಮಂದಿ’ ಗ್ರೂಪಿನಲ್ಲಿ 23 ಜನ ಇದ್ದೇವೆ. ತೀರ್ಥಹಳ್ಳಿ ಹತ್ತಿರದ ಮೂಲಮನೆಯಲ್ಲಿ ಈಗ ಇರುವವರು ಮಾತ್ರ ಮೂರೇ ಜನ: ಶ್ರೀಧರ ಚಿಕ್ಕಪ್ಪ, ಜಯ ಚಿಕ್ಕಮ್ಮ, ಅಜ್ಜಿ. ಅಜ್ಜಿಗೆ ಫೋನಿಲ್ಲ. ಉಳಿದ ನಾವೆಲ್ಲ ಹಬ್ಬಕ್ಕೆ ಹೋಗಿ, ಹಲಸಿನ ಹಪ್ಪಳ ಕಟ್ಟಿಸಿಕೊಂಡು ಬಸ್ಸು ಹತ್ತುವವರು.

ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಒಂದು ವಿಡಿಯೋ ಹಾಕಿದರು. 38 ಸೆಕೆಂಡು. ಬಚ್ಚಲು ಮನೆಯ ಹಿಂದೆ, ಧರೆಯ (ಮಣ್ಣಿನ ದಿಬ್ಬದ) ಬುಡದಲ್ಲಿ, ಒಂದು ಕಾಳಿಂಗ. ಬಾಯಲ್ಲಿ ಕೇರೆ ಹಾವು, ಅರ್ಧ ಒಳಗೆ ಹೋಗಿದೆ. ಹೊರಗುಳಿದ ಬಾಲ ಸೌದೆ ರಾಶಿಯ ಒಂದು ಕೊಂಬೆಗೆ ಸುತ್ತಿಕೊಂಡು ಬಿಡಲೊಲ್ಲದು. ಕಾಳಿಂಗಕ್ಕೆ ಅವಸರವೇ ಇಲ್ಲ. ಸ್ವಲ್ಪ ಎಳೆಯುತ್ತದೆ, ಸುಮ್ಮನಿರುತ್ತದೆ, ಮತ್ತೆ ಎಳೆಯುತ್ತದೆ. ನಡುವೆ ಕುಕ್ಕರ್ ಎರಡು ಸಲ ಕೂಗುತ್ತದೆ.

ಆಮೇಲೆ ನಡೆದದ್ದು ಇದು. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ರವಿಯಣ್ಣ (ಬೆಂಗಳೂರು): ಚಿಕ್ಕಮ್ಮ, ಇದು ನಮ್ಮ ಮನೆಯಾ?? ವಿಡಿಯೋ ಮಾಡುತ್ತಾ ನಿಂತಿದ್ದೀರಲ್ಲ!

ಜಯ ಚಿಕ್ಕಮ್ಮ: ಅಡುಗೆಮನೆ ಕಿಟಕಿಯಿಂದ ತೆಗೆದಿದ್ದು ಮಾರಾಯ.

ರವಿಯಣ್ಣ: ಈಗಲೇ ಹಾವು ಹಿಡಿಯುವವರನ್ನು ಕರೆಸಿ. ದೂರದ ಕಾಡಿಗೆ ಬಿಟ್ಟು ಬರಲಿ. ಖರ್ಚು ನಾನು ಕೊಡುತ್ತೇನೆ.

ಶ್ರೀಧರ ಚಿಕ್ಕಪ್ಪ: ಬೇಡ.

(ಚಿಕ್ಕಪ್ಪನ ಮೆಸೇಜು ಯಾವಾಗಲೂ ಒಂದೇ ಪದ. ಜಗಳ ಹತ್ತಿಕೊಳ್ಳುವುದೂ ಅದರಿಂದಲೇ.)

ವನಜತ್ತೆ: ಅದು ಸುಮ್ನೆ ಬಂದದ್ದಲ್ಲ ಶ್ರೀಧರ. ನಾಗನ ಕಲ್ಲಿಗೆ ಹಾಲೆರೆದು ಎರಡು ವರ್ಷ ಆಯಿತು. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ.

ಜಯ ಚಿಕ್ಕಮ್ಮ: ಅದು ಬಂದದ್ದು ಕೇರೆಗೆ ಅತ್ತಿಗೆ. ಕೇರೆ ಬಂದದ್ದು ಇಲಿಗೆ. ಇಲಿ ಬಂದದ್ದು ನಾವು ಅಟ್ಟಕ್ಕೆ ಹಾಕದೆ ಬಿಟ್ಟ ಭತ್ತಕ್ಕೆ.

ರವಿಯಣ್ಣ: ಪೂಜೆ ಆಮೇಲೆ ನೋಡೋಣ. ಅಜ್ಜಿ ದಿನಾ ಐದು ಗಂಟೆಗೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾರೆ. ಅದೇ ರಾಶಿಯಿಂದ ಸೌದೆ ಎಳೆಯುತ್ತಾರೆ. ಕಣ್ಣು ಸರಿಯಾಗಿ ಕಾಣಲ್ಲ. ಏನಾದರೂ ಆದರೆ?

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ರವಿಯಣ್ಣನ ಗಾಬರಿ ಜಾಸ್ತಿ ಇರಬಹುದು, ಆದರೆ ಈ ಪ್ರಶ್ನೆ ಅಲ್ಲಿಯವರೆಗೆ ಯಾರ ತಲೆಗೂ ಬಂದಿರಲಿಲ್ಲ. ನನ್ನ ತಲೆಗೂ.

ಆಮೇಲೆ ಫಾರೆಸ್ಟ್ರಿ ಓದುವ ದೀಪ್ತಿ ಎದ್ದಳು. ಭಾನುವಾರ ಅಲ್ವಾ.

ದೀಪ್ತಿ: ರವಿಯಣ್ಣ, ದೂರ ಬಿಟ್ಟು ಬಂದರೆ ಮುಗಿಯುವುದಿಲ್ಲ. ಆಗುಂಬೆಯಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಸಂಶೋಧನಾ ಕೇಂದ್ರ ಇದೆ. ಅಲ್ಲಿಯವರು 2008ರಲ್ಲಿ ಕಾಳಿಂಗದ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು, ಅದರ ಹಿಂದೆ ಕಾಡು ಸುತ್ತಲು ಶುರು ಮಾಡಿದರು. ಬೇರೆ ಕಡೆಯಿಂದ ತಂದು ಬಿಟ್ಟ ಹಾವು ಎಲ್ಲೂ ನಿಲ್ಲದೆ ಒಂದೇ ದಿಕ್ಕಿಗೆ ಹರಿಯುತ್ತಲೇ ಹೋಯಿತು. ಅದಕ್ಕೆ ಅಲ್ಲಿ ಯಾವ ಬಿಲವೂ ಗೊತ್ತಿಲ್ಲ. ಕೊನೆಗೆ ಇನ್ಯಾರದೋ ಹಿತ್ತಲಿಗೆ ಹೋಗುತ್ತದೆ. ಈಗ ಜೋಡಿಯಾಗುವ ಕಾಲ ಬೇರೆ, ಮೇ ತನಕ ಓಡಾಟ ಜಾಸ್ತಿ. ತಿಂದು ಮುಗಿಸಿದರೆ ತಾನೇ ಹೋಗುತ್ತದೆ.

ರವಿಯಣ್ಣ: ಕಚ್ಚಿದರೆ ಔಷಧಿಯೇ ಇಲ್ಲ ಅಂತಾರಲ್ಲ?

ದೀಪ್ತಿ: ಅದು ನಿಜ. ನಮ್ಮ ಆಸ್ಪತ್ರೆಗಳಲ್ಲಿರುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗಕ್ಕಲ್ಲ. ಆದರೆ ಕಾಳಿಂಗ ಮನುಷ್ಯರಿಗೆ ಕಚ್ಚುವುದು ಬಲು ಅಪರೂಪ. ನೀನು ಹೆದರಬೇಕಾದದ್ದು ಒಣಗಿದ ಎಲೆಗಳ ದರಕಿನೊಳಗೆ ಕಾಣದಂತೆ ಬಿದ್ದಿರುವ ಮಂಡಲಕ್ಕೆ. ಇನ್ನೊಂದು ವಿಷಯ, ನಮ್ಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಅಂತ 2024ರಲ್ಲಿ ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೇ ‘ಕಾಳಿಂಗ’ ಅಂತ ಸೇರಿಸಿದ್ದಾರೆ.

ದೊಡ್ಡಪ್ಪ: ಕನ್ನಡದ ಹೆಸರೇ ಇಟ್ಟಿದ್ದಾರಾ! ಇದನ್ನು ಮೊದಲು ಹೇಳಬಾರದಾ ಮಗಳೇ.

(ದೊಡ್ಡಪ್ಪ ರಿಟೈರ್ಡ್ ಮೇಷ್ಟ್ರು. ಆ ಸಾಲನ್ನು ಕನಿಷ್ಠ ನಾಲ್ಕು ಗ್ರೂಪಿಗೆ ಕಳಿಸಿದ್ದಾರೆ. ಎರಡರಲ್ಲಿ ನಾನೂ ಇದ್ದೇನೆ.)

ರವಿಯಣ್ಣ: ಹೆಸರು ಯಾವುದಾದರೂ ಇರಲಿ. ಅಲ್ಲಿ ಇರುವುದು ನಮ್ಮ ಅಜ್ಜಿ.

ಜಯ ಚಿಕ್ಕಮ್ಮ: ನಮ್ಮ ಅತ್ತೆಯೂ ಹೌದು. 31 ವರ್ಷದಿಂದ.

ಇಷ್ಟರಲ್ಲಿ ಪ್ರಶಾಂತ ಭಾವ ಒಂದು ಮೆಸೇಜು ಹಾಕಿ ತಕ್ಷಣ ಅಳಿಸಿದರು. ಹತ್ತೂ ಮುಕ್ಕಾಲಿಗೆ ಚಿಕ್ಕಮ್ಮ ಒಂದು ಸ್ಕ್ರೀನ್‌ಶಾಟ್ ಹಾಕಿದರು. ಅದೇ ವಿಡಿಯೋ, ಮೇಲೆ ಕೆಂಪು ಅಕ್ಷರ: ‘ಮನೆಗೆ ನುಗ್ಗಿದ 18 ಅಡಿ ಕಾಳಿಂಗ! ಕೂದಲೆಳೆಯಲ್ಲಿ ಪಾರಾದ ವೃದ್ಧೆ!’ ಊರಿನ ಹೆಸರೂ ಇತ್ತು.

ಜಯ ಚಿಕ್ಕಮ್ಮ: ಗೇಟಿನ ಹತ್ತಿರ ಬೈಕು ಬಂದು ನಿಂತಿವೆ. ಯಾರು ಕಳಿಸಿದ್ದು ಇದನ್ನು?

ಪ್ರಶಾಂತ ಭಾವ: ನಾನು ನಮ್ಮ ಹೈಸ್ಕೂಲ್ ಗ್ರೂಪಿಗೆ ಮಾತ್ರ ಹಾಕಿದ್ದು. ಆ ಅಕ್ಷರ ನನ್ನದಲ್ಲ.

ರವಿಯಣ್ಣ: ಭಾವ, ನಿಮಗೆ ಸ್ವಲ್ಪವಾದರೂ...

ಪ್ರಶಾಂತ ಭಾವ: ನೀನೇ ತಾನೇ ಜನ ಕರೆಸಿ ಅಂದದ್ದು?

ಇಲ್ಲಿಂದ ಮುಂದಿನ 40 ಮೆಸೇಜು ಬೇಡ. ತೋಟದ ಪಾಲಿನ ವಿಷಯವೂ ಬಂತು ಅಂದರೆ ಸಾಕು.

ಮಧ್ಯಾಹ್ನ ಚಿಕ್ಕಪ್ಪನ ವಾಯ್ಸ್ ನೋಟ್ ಬಂತು. ನಾಲ್ಕು ನಿಮಿಷ. ಗ್ರೂಪಿನಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು.

“ಹುಡುಗರು ಮೂವತ್ತು ಜನ ಬಂದಿದ್ದರು. ಬೇಡ ಅಂದರೂ ಧರೆ ಹತ್ತಿದರು. ಒಬ್ಬ ದೋಟಿಯಲ್ಲಿ ತಿವಿದ. ನುಂಗುತ್ತಾ ಇದ್ದ ಹಾವಿಗೆ ಓಡುವುದಕ್ಕೂ ಆಗಲ್ಲ, ಕಚ್ಚುವುದಕ್ಕೂ ಆಗಲ್ಲ. ಅಷ್ಟು ಹೊತ್ತು ಒಳಗೆಳೆದ ಕೇರೆಯನ್ನು ಪೂರ್ತಿ ಹೊರಗೆ ಕಕ್ಕಿತು. ಆಮೇಲೆ ಎದ್ದು ನಿಂತಿತು ನೋಡಿ, ನನ್ನ ಸೊಂಟದ ಮಟ್ಟಕ್ಕೆ. ನಾಯಿ ಗುರ್ ಅಂದಹಾಗೆ ಸದ್ದು. ತಿವಿದವನು ದೋಟಿ ಬಿಸಾಡಿ ಹಲಸಿನ ಮರದ ತನಕ ಓಡಿದ. ಹಾವು ಅವನನ್ನು ನೋಡಲೂ ಇಲ್ಲ. ಧರೆ ಹತ್ತಿ ಕಾನಿಗೆ ಹೋಯಿತು. ಕೇರೆ ಇಲ್ಲೇ ಬಿದ್ದಿದೆ. ಅಮ್ಮ ಅದನ್ನು ನೋಡಿ, ಊಟಕ್ಕೆ ಕೂತವರನ್ನು ಎಬ್ಬಿಸಿಬಿಟ್ಟಿರಲ್ಲ ಅಂದರು. ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ. ರವಿ, ನೀನು ಹೇಳಿದ ಐದು ಗಂಟೆಯ ವಿಷಯ ಸರಿ. ಅದನ್ನು ನಾನು ಯೋಚನೆ ಮಾಡಬೇಕಿತ್ತು. ಆದರೆ ಹಾವು ಹೋದರೂ ಸೌದೆ ರಾಶಿ ಅಲ್ಲೇ ಇರುತ್ತದೆ, ಇಲಿಯೂ ಇರುತ್ತದೆ. ಅದನ್ನು ಎತ್ತಿ ಕೊಟ್ಟಿಗೆಯ ಅಟ್ಟಣಿಗೆಗೆ ಹಾಕುವುದಕ್ಕೆ ನಾನೊಬ್ಬನೇ ಇರುವುದು.”

ಪ್ರಶಾಂತ ಭಾವ ಮರುದಿನದವರೆಗೂ ಏನೂ ಬರೆಯಲಿಲ್ಲ. ವನಜತ್ತೆ ಕೈ ಮುಗಿಯುವ ಚಿತ್ರ ಹಾಕಿದರು. ಅದು ಹಾವಿಗೋ ಚಿಕ್ಕಪ್ಪನಿಗೋ ಗೊತ್ತಾಗಲಿಲ್ಲ.

ರವಿಯಣ್ಣ: ಚಿಕ್ಕಪ್ಪ, ಕೂಲಿಯವರಿಗೆ ದುಡ್ಡು ಹಾಕುತ್ತೇನೆ.

ಶ್ರೀಧರ ಚಿಕ್ಕಪ್ಪ: ಬೇಡ.

ರವಿಯಣ್ಣ: ಸರಿ. ಶನಿವಾರ ಬೆಳಿಗ್ಗೆಯ ಬಸ್ಸಿಗೆ ಇಳಿಯುತ್ತೇನೆ.

ಜಯ ಚಿಕ್ಕಮ್ಮ: ಬರುವಾಗ ಬಚ್ಚಲಿಗೆ ಒಂದು ದೊಡ್ಡ ಎಲ್‌ಇಡಿ ಬಲ್ಬು ತಾ.

ದೀಪ್ತಿ: ಅಜ್ಜಿಗೆ ಟಾರ್ಚು, ಗಂಬೂಟು ಕೂಡ.

ಜಯ ಚಿಕ್ಕಮ್ಮ: ಟಾರ್ಚು ಆಗಬಹುದಂತೆ. ಗಂಬೂಟು ಹಾಕಿಕೊಂಡು ಬಚ್ಚಲಿಗೆ ಹೋದರೆ ಮಡಿ ಹೇಗೆ ಉಳಿಯುತ್ತದೆ ಅಂತ ಕೇಳುತ್ತಿದ್ದಾರೆ. ದೀಪ್ತಿ, ನೀನೇ ಫೋನ್ ಮಾಡಿ ಹೇಳು.