ಸಹಾಯ ಬೇಕು: ಈ ಸಿಲಿಕ್ವಾ ನಾಣ್ಯ ಅಂಚು ಕತ್ತರಿಸಿದ್ದೋ, ಎರಕದ ನಕಲಿಯೋ?

ರೋಮನ್ ಚಕ್ರವರ್ತಿ ವ್ಯಾಲೆನ್ಸ್‌ನ (364–378) ಬೆಳ್ಳಿ ಸಿಲಿಕ್ವಾ. ಹಿಂಬದಿಯಲ್ಲಿ ಕೂತ ರೋಮಾ ದೇವಿ, ಕೆಳಗೆ ಟ್ರಿಯರ್ (ಈಗಿನ ಜರ್ಮನಿಯ ಊರು) ಟಂಕಸಾಲೆಯ ಗುರುತು ಅರ್ಧ ಮಾತ್ರ ಉಳಿದಿದೆ. ತೂಕ 1.32 ಗ್ರಾಂ, ಪೂರ್ತಿ ನಾಣ್ಯ ಸುಮಾರು 2 ಗ್ರಾಂ ಇರಬೇಕು.

ಬ್ರಿಟನ್‌ನಲ್ಲಿ ಅಂಚು ಕತ್ತರಿಸಿ ಬೆಳ್ಳಿ ತೆಗೆಯುತ್ತಿದ್ದರು, ಚಕ್ರವರ್ತಿಯ ಮುಖ ಮುಟ್ಟುತ್ತಿರಲಿಲ್ಲ. ಅಲ್ಲೇ 1992ರಲ್ಲಿ ಸಿಕ್ಕ ಹಾಕ್ಸನ್ ನಿಧಿಯಲ್ಲಿ ಅಂಥವು ರಾಶಿ ರಾಶಿ. ಇದರಲ್ಲೂ ಮುಖ ಪೂರ್ತಿ ಇದೆ, ಅಕ್ಷರಗಳ ಹೊರ ಅರ್ಧ ಹೋಗಿದೆ. ಅನುಮಾನ ಒಂದೇ: ಅಂಚಿನ ಒಂದು ಕಡೆ ಕೂದಲೆಳೆಯಷ್ಟು ಸಣ್ಣ ಗೆರೆ, ಎರಕದ ಅಚ್ಚಿನ ಎರಡು ಭಾಗ ಕೂಡಿದ ಗುರುತಿನಂತೆ.

ದಾರ ಕಟ್ಟಿ ನೀರಲ್ಲಿ ತೂಗಿದಾಗ ವ್ಯತ್ಯಾಸ 0.13 ಗ್ರಾಂ, ಅಂದರೆ ಸಾಂದ್ರತೆ 10.15. ಶುದ್ಧ ಬೆಳ್ಳಿಗೆ 10.49. ಆದರೆ 0.01 ಗ್ರಾಂ ತಕ್ಕಡಿಯಲ್ಲಿ ಒಂದು ಅಂಕಿ ಆಚೀಚೆಯಾದರೆ 9.4 ಇಲ್ಲವೇ 11 ಬರುತ್ತದೆ, ನಂಬುವಂತಿಲ್ಲ.

ಬೆಂಗಳೂರಿನಲ್ಲಿ 0.001 ಗ್ರಾಂ ತಕ್ಕಡಿ ಯಾರ ಬಳಿ ಇದೆ? ಕತ್ತರಿಸಿದ ಅಂಚನ್ನು ಲೆನ್ಸ್‌ನಲ್ಲಿ ನೋಡಿ ಬಲ್ಲವರು ದಯವಿಟ್ಟು ಫೋಟೋ ಹಾಕಿ.