ಸಹಾಯ ಬೇಕು: ಪುಣೆಯಲ್ಲಿ ರೋಲ್ ಕೇಜ್ ಮಾಡುವ ಒಳ್ಳೆ ವೆಲ್ಡರ್ ಯಾರಾದ್ರೂ ಗೊತ್ತಾ?

ನಮಸ್ಕಾರ. ಊರು ಹುಬ್ಬಳ್ಳಿ, ಈಗ ಇರುವುದು ಚಿಂಚವಾಡದಲ್ಲಿ. ಹಳೇ ಮಾರುತಿ ಝೆನ್ ಒಂದನ್ನು ರೇಸಿಗೆ ರೆಡಿ ಮಾಡುತ್ತಿದ್ದೇನೆ. ಅದಕ್ಕೆ ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಉಕ್ಕಿನ ಪೈಪಿನ ಚೌಕಟ್ಟು, ಹಾಕಿಸಬೇಕು. ತೂಕ ಇಳಿಸಲು ಹಿಂದಿನ ಸೀಟು, ಕಾರ್ಪೆಟ್, ಎಸಿ ಎಲ್ಲ ಬಿಚ್ಚಿ ಆಯಿತು. ಸದ್ದು ತಡೆಯಲು ಕಾರಿನ ನೆಲಕ್ಕೆ ಅಂಟಿಸಿರುವ ಆ ಡಾಂಬರಿನಂಥ ಶೀಟ್ ಮಾತ್ರ ಜೀವ ತಿನ್ನುತ್ತಿದೆ. ಹೀಟ್ ಗನ್ ಹಿಡಿದು ಕೆರೆದರೆ ಚೂಯಿಂಗ್ ಗಮ್ ಥರ ಎಳೆಯುತ್ತದೆ, ಎರಡು ಭಾನುವಾರ ಹೋಯಿತು, ಡ್ರೈವರ್ ಕಡೆ ಅರ್ಧವೂ ಆಗಿಲ್ಲ. ಡ್ರೈ ಐಸ್ ಹಾಕಿ ಸುತ್ತಿಗೆಯಲ್ಲಿ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ ಅಂತಾರೆ. ಇಲ್ಲಿ ಐದು ಹತ್ತು ಕೆಜಿ ಬಿಡಿಯಾಗಿ ಎಲ್ಲಿ ಸಿಗುತ್ತದೆ?

ಅಸಲಿ ತಲೆನೋವು ಕೇಜ್. ಭೋಸರಿ ಕಡೆ ಒಬ್ಬರ ಹತ್ತಿರ ಹೋಗಿದ್ದೆ. "ಆಗಿಬಿಡುತ್ತೆ ಸಾಹೇಬ್ರೆ" ಅಂತ ತೋರಿಸಿದ್ದು ಉದ್ದಕ್ಕೂ ವೆಲ್ಡಿಂಗ್ ಗೆರೆ ಇರುವ, ಮನೆ ಗೇಟಿಗೆ ಹಾಕುವ ಪೈಪು. ಬಗ್ಗಿಸಿದ ಕಡೆ ಚಪ್ಪಟೆಯಾಗಿ, ಒಳಬದಿ ಸುಕ್ಕುಗಟ್ಟಿತ್ತು. ಕಾರು ಮಗುಚಿದರೆ ಮೊದಲು ಮಡಚಿಕೊಳ್ಳುವುದು ಅಲ್ಲೇ ಅಲ್ವಾ? ಸುಮ್ನೆ ವಾಪಸ್ ಬಂದೆ.

ನನಗೆ ಬೇಕಾಗಿರುವುದು ಎಫ್‌ಐಎ (ಕಾರ್ ರೇಸಿಂಗಿನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಲೆಕ್ಕ. ಮುಖ್ಯ ಹೂಪಿಗೆ (ಮುಂದಿನ ಸೀಟುಗಳ ಹಿಂದೆ ನಿಲ್ಲುವ ದೊಡ್ಡ ಕಮಾನು) ಸೀಮ್‌ಲೆಸ್ ಕೋಲ್ಡ್ ಡ್ರಾನ್ ಪೈಪು, ಅಂದರೆ ವೆಲ್ಡಿಂಗ್ ಗೆರೆ ಇಲ್ಲದೆ, ಬಿಸಿ ಮಾಡದೆ ಎಳೆದು ಮಾಡಿದ್ದು; 45 ಮಿಮೀ ಹೊರ ಅಳತೆಗೆ 2.5 ಮಿಮೀ ದಪ್ಪ, ಇಲ್ಲಾಂದ್ರೆ 50ಕ್ಕೆ 2. ಬಾಗಿನ ರೇಡಿಯಸ್ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇರಬಾರದು, ಕೇಜಿನ ಪ್ರತಿ ಕಾಲಿನ ಕೆಳಗೆ ಕನಿಷ್ಠ 3 ಮಿಮೀ ಪ್ಲೇಟು. ಇಳಿಸಿದ ತೂಕದಲ್ಲಿ ಒಳ್ಳೇ ಪಾಲು ಕೇಜಿಗೇ ವಾಪಸ್ ಹೋಗುತ್ತದೆ, ಹೋಗಲಿ ಬಿಡಿ, ತಲೆ ಉಳಿಯಬೇಕಲ್ಲ.

ಮ್ಯಾಂಡ್ರೆಲ್ ಬೆಂಡರ್ (ಪೈಪು ಚಪ್ಪಟೆಯಾಗದಂತೆ ಒಳಗೆ ಆಸರೆ ಕೊಟ್ಟು ಬಗ್ಗಿಸುವ ಯಂತ್ರ) ಇರುವವರು, ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯ ನಾಜೂಕು ವೆಲ್ಡಿಂಗ್) ಕೈ ಚೆನ್ನಾಗಿರುವವರು ಪಿಂಪ್ರಿ, ಚಾಕಣ ಸುತ್ತ ಇದ್ದರೆ ತಿಳಿಸಿ. ಸ್ವತಃ ಕೇಜ್ ಮಾಡಿಸಿದವರಿದ್ದರೆ ಎಷ್ಟು ಖರ್ಚಾಯಿತು ಅಂತಲೂ ಹೇಳಿ. ಮರಾಠಿ ನಾನೇ ಸಂಭಾಳಿಸುತ್ತೇನೆ.